ಕೊಟ್ಟಿಗೆಯ ಇಂಜೆಕ್ಷನ್, ಬೆಟ್ಟದ ರಣಹದ್ದು

ರಾಮನಗರದ ಕೂಟಗಲ್ ಸೀಮೆಯ ಸಂಸಾರ ನಡೆಯುವುದು ರೇಷ್ಮೆ ಮತ್ತು ಹಾಲಿನ ಮೇಲೆ. ಹಸುವಿನ ಕೆಚ್ಚಲು ಬಾತರೆ, ಕಾಲು ಕುಂಟಿದರೆ, ಮೇವು ಬಿಟ್ಟು ಮಲಗಿದರೆ ಡೇರಿಗೆ ಹಾಕುವ ಹಾಲು ಅವತ್ತೇ ಇಳಿಯುತ್ತದೆ. ಪಶು ಡಾಕ್ಟರಿಗೆ ಫೋನು ಹೋಗುತ್ತದೆ. ನೋವಿಗೂ ಜ್ವರಕ್ಕೂ ಸೇರಿ ಒಂದು ಇಂಜೆಕ್ಷನ್ ಬೀಳುತ್ತದೆ. ಆ ಸಿರಿಂಜಿನಲ್ಲಿರುವ ಔಷಧಕ್ಕೂ ರಾಮದೇವರ ಬೆಟ್ಟದ ಬಂಡೆಯ ಮೇಲೆ ಕೂರುವ ಹಕ್ಕಿಗೂ ನಂಟಿದೆ ಎಂಬುದು 2004ರವರೆಗೆ ಜಗತ್ತಿಗೇ ಗೊತ್ತಿರಲಿಲ್ಲ.

ಹೊರಗಿನವರು ರಾಮನಗರದ ಬೆಟ್ಟಗಳನ್ನು ‘ಶೋಲೆ’ ಸಿನಿಮಾದಿಂದ ಗುರುತಿಸುತ್ತಾರೆ. ಪಕ್ಷಿಪ್ರಿಯರ ಗುರುತು ಬೇರೆ. ಅವರಿಗೆ ಇದು ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವ ಅಪರೂಪದ ನೆಲೆ. ಈ ಹಕ್ಕಿಗೆ ಮರ ಬೇಡ, ಕಡಿದಾದ ಬಂಡೆಯ ಚಾಚು ಬೇಕು. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಗೂಡು ಕಟ್ಟಲು ಹಲವು ವರ್ಷ ಬೇಕು. ಹೀಗೆ ನಿಧಾನವಾಗಿ ಹೆಚ್ಚುವ ಹಕ್ಕಿ ಬೇಗ ಬೇಗ ಸಾಯತೊಡಗಿದರೆ ಆ ನಷ್ಟ ತುಂಬುವುದು ಬಹಳ ಕಷ್ಟ.

ಸಾವು ಮೊದಲು ಲೆಕ್ಕಕ್ಕೆ ಸಿಕ್ಕಿದ್ದು ರಾಜಸ್ಥಾನದ ಭರತಪುರದಲ್ಲಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅಲ್ಲಿನ ಕೇವಲಾದೇವ್ ಉದ್ಯಾನದಲ್ಲಿ 1987-88ರಲ್ಲಿ ಬಿಳಿ ಬೆನ್ನಿನ ರಣಹದ್ದುಗಳ 353 ಜೋಡಿ ಎಣಿಸಿದ್ದರು. 1996ರ ಹೊತ್ತಿಗೆ ಉಳಿದದ್ದು 150. ಹಕ್ಕಿಗಳು ಕತ್ತು ಜೋಲು ಬಿಟ್ಟು ಕೊಂಬೆಯ ಮೇಲೆ ದಿನಗಟ್ಟಲೆ ಕೂತಿರುತ್ತಿದ್ದವು, ಆಮೇಲೆ ಕೆಳಗೆ ಬೀಳುತ್ತಿದ್ದವು. ಇದು ಒಂದು ಉದ್ಯಾನದ ಕಥೆಯಾಗಿ ನಿಲ್ಲಲಿಲ್ಲ. 2007ರ ಗಣತಿಯ ಹೊತ್ತಿಗೆ ದೇಶದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ಸಾವಿರಕ್ಕೆ ಒಂದು ಉಳಿದಿತ್ತು. ಉದ್ದ ಕೊಕ್ಕಿನವು ನೂರಕ್ಕೆ ಮೂರು.

ಯಾವುದೋ ಹೊಸ ವೈರಸ್ ಇರಬೇಕೆಂದು ಹಲವರು ನಂಬಿದ್ದರು. ಉತ್ತರ ಸಿಕ್ಕಿದ್ದು ಗಡಿಯಾಚೆ, ಪಾಕಿಸ್ತಾನದ ಪಂಜಾಬಿನಲ್ಲಿ. ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು 2000ದಿಂದ 2003ರವರೆಗೆ 259 ಸತ್ತ ರಣಹದ್ದುಗಳನ್ನು ಕೊಯ್ದು ನೋಡಿದರು. 219ರ ಒಳಗೆ ಒಂದೇ ದೃಶ್ಯ: ಪಿತ್ತಜನಕಾಂಗ, ಹೃದಯ, ಮೂತ್ರಪಿಂಡಗಳ ಮೇಲೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ. ಅದು ಯೂರಿಕ್ ಆಮ್ಲದ ಹರಳು. ಮೂತ್ರಪಿಂಡ ಕೆಟ್ಟ ಹಕ್ಕಿಯ ಮೈಯಿಂದ ಹೊರಹೋಗಲಾರದೆ ಒಳಗೇ ಕಟ್ಟಿಕೊಂಡದ್ದು.

ವೈರಸ್ ಹುಡುಕಿದರು, ಸಿಗಲಿಲ್ಲ. ಕೀಟನಾಶಕ, ಸೀಸ, ಪಾದರಸ ಯಾವುದೂ ತಾಳೆಯಾಗಲಿಲ್ಲ. ಆಗ ಅವರು ಪ್ರಶ್ನೆಯನ್ನೇ ಬದಲಿಸಿದರು. ರಣಹದ್ದು ತಿನ್ನುವುದು ಸತ್ತ ದನವನ್ನು. ಹಾಗಾದರೆ ಸಾಯುವ ಮುಂಚೆ ದನದ ಮೈಗೆ ಹೋದದ್ದೇನು? ಈ ಇಡೀ ಶೋಧದ ಕೀಲಿ ಇದ್ದದ್ದು ಈ ಪ್ರಶ್ನೆಯಲ್ಲಿ. ಪಶುವೈದ್ಯರನ್ನೂ ಔಷಧದ ಅಂಗಡಿಗಳನ್ನೂ ವಿಚಾರಿಸಿದಾಗ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ, ಎಲ್ಲೆಡೆ ಅಗ್ಗವಾಗಿ ಸಿಗುವ ಒಂದೇ ಹೆಸರು ಎದ್ದು ಬಂತು: ಡೈಕ್ಲೋಫೆನಾಕ್. ಮನುಷ್ಯರು ಮಂಡಿನೋವಿಗೆ ನುಂಗುವ ಅದೇ ಔಷಧ. ಬಿಳಿ ಪದರ ಕಂಡಿದ್ದ 25 ಹಕ್ಕಿಗಳನ್ನು ಪರೀಕ್ಷಿಸಿದರೆ 25ರಲ್ಲೂ ಅದು ಸಿಕ್ಕಿತು. ಬೇರೆ ಕಾರಣಕ್ಕೆ ಸತ್ತಿದ್ದ 13ರಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು.

ದನಕ್ಕೆ ಹಿತವಾದದ್ದು ಹದ್ದಿಗೆ ವಿಷ. ಅದರಲ್ಲೂ ರಣಹದ್ದು ಒಂಟಿಯಾಗಿ ಉಣ್ಣುವ ಹಕ್ಕಿಯಲ್ಲ. ಒಂದು ಹೆಣಕ್ಕೆ ಹತ್ತಾರು ಇಳಿಯುತ್ತವೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಷ್ಟು ದೊಡ್ಡ ನಾಶಕ್ಕೆ ಸಾಕು ಎಂದು ಲೆಕ್ಕ ಹೇಳಿತು.

ಪರಿಹಾರವೂ ಬೇಗ ಬಂತು. ಮೆಲಾಕ್ಸಿಕಾಮ್ ಎಂಬ ಇನ್ನೊಂದು ನೋವಿನ ಔಷಧ ರಣಹದ್ದಿಗೆ ಅಪಾಯಕಾರಿಯಲ್ಲ ಎಂದು 2006ರಲ್ಲಿ ಸಾಬೀತಾಯಿತು. ಅದೇ ವರ್ಷ ಭಾರತ ಪಶುಗಳ ಡೈಕ್ಲೋಫೆನಾಕ್ ತಯಾರಿಕೆಗೆ ಅಂಕುಶ ಹಾಕಿತು. ಆದರೆ ಮನುಷ್ಯರಿಗೆಂದು ಮಾರುವ ದೊಡ್ಡ ಬಾಟಲಿಗಳು ಕೊಟ್ಟಿಗೆಗೆ ನುಸುಳುತ್ತಲೇ ಇದ್ದವು. 2015ರಲ್ಲಿ ಆ ಬಾಟಲಿಯನ್ನು 3 ಮಿಲಿಲೀಟರಿಗೆ ಇಳಿಸಬೇಕಾಯಿತು. ಹದ್ದಿಗೆ ಕೆಡುಕಾದ ಅಸಿಕ್ಲೋಫೆನಾಕ್ ಮತ್ತು ಕೀಟೊಪ್ರೊಫೆನ್ ಪಶುಗಳಿಗೆ ನಿಷೇಧವಾಗಲು 2023 ಬರಬೇಕಾಯಿತು. ವಿಜ್ಞಾನ ನಾಲ್ಕು ವರ್ಷದಲ್ಲಿ ಮುಗಿಸಿದ ಕೆಲಸಕ್ಕೆ ಕಾನೂನು ಹತ್ತೊಂಬತ್ತು ವರ್ಷ ತೆಗೆದುಕೊಂಡದ್ದು ನೋವಿನ ಸಂಗತಿ.

ಆ ತಡದ ಬೆಲೆ ತೆತ್ತದ್ದು ಹಕ್ಕಿ ಮಾತ್ರವಲ್ಲ. ಹೆಣ ಊರಾಚೆ ಕೊಳೆತಾಗ ನಾಯಿಗಳು ಹೆಚ್ಚುತ್ತವೆ, ಅವುಗಳೊಂದಿಗೆ ಹುಚ್ಚುನಾಯಿ ರೋಗವೂ ಹೆಚ್ಚುತ್ತದೆ, ರೋಗಾಣು ನೀರಿಗೆ ಸೇರುತ್ತದೆ. ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ರಣಹದ್ದು ಇಲ್ಲವಾದ್ದರಿಂದ 2000ದಿಂದ 2005ರ ನಡುವೆ ಭಾರತದಲ್ಲಿ ಸುಮಾರು ಐದು ಲಕ್ಷ ಜನ ಹೆಚ್ಚುವರಿಯಾಗಿ ಸತ್ತರು.

ರಾಮದೇವರ ಬೆಟ್ಟದ 346 ಹೆಕ್ಟೇರನ್ನು ಕರ್ನಾಟಕ ಸರ್ಕಾರ 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿತು. ಬಂಡೆ ಒಡೆಯುವವರಿಂದಲೂ ಗದ್ದಲದಿಂದಲೂ ಅದು ಗೂಡನ್ನು ಕಾಯಬಲ್ಲದು. ಊಟವನ್ನು ಕಾಯಲಾರದು. ದಿನಕ್ಕೆ ನೂರಾರು ಕಿಲೋಮೀಟರ್ ಹಾರಬಲ್ಲ ಹಕ್ಕಿಗೆ ಕೂಟಗಲ್, ಮಾಗಡಿ, ಕನಕಪುರ, ಚನ್ನಪಟ್ಟಣಗಳ ಗಡಿ ಗೊತ್ತಿಲ್ಲ. ಈ ಸೀಮೆಯ ಯಾವ ಕೊಟ್ಟಿಗೆಯಲ್ಲಿ ದನ ಸತ್ತರೂ ಅದು ಆ ಹಕ್ಕಿಯ ಊಟವಾಗಬಹುದು.

ಆದ್ದರಿಂದ ಹಸು ಸಾಕುವವರು ಮಾಡಬಹುದಾದ ಒಂದು ಕೆಲಸವಿದೆ. ಡಾಕ್ಟರು ನೋವಿನ ಇಂಜೆಕ್ಷನ್ ತುಂಬುವಾಗ ಬಾಟಲಿ ಮೇಲಿನ ಹೆಸರು ಕೇಳಿ. ಮೆಲಾಕ್ಸಿಕಾಮ್ ಇದ್ದರೆ ಅದನ್ನೇ ಹಾಕಿ ಎನ್ನಿ.