ದೂರದ ಗಿರಾಕಿ, ಕಾರ್ಡಿನ ಇಸಾರ

ಗೋಕಾಕ, ಮೂಡಲಗಿ, ಹುಕ್ಕೇರಿಯ ಪೇಟೆಗಳಲ್ಲಿ ಈಗ ಚಹಾದ ಗಾಡಿಯ ಮೇಲೂ ಕ್ಯೂಆರ್ ಫಲಕ ಇದೆ. ಹತ್ತು ರೂಪಾಯಿ ಜಮಾ ಆದರೂ ಪಕ್ಕದ ಡಬ್ಬಿ ಕೂಗಿ ಹೇಳುತ್ತದೆ. 2016ರಲ್ಲಿ ಶುರುವಾದ ಯುಪಿಐ ಸಣ್ಣ ಊರಿನ ವ್ಯಾಪಾರಕ್ಕೆ ಇಷ್ಟು ಬೇಗ ಒಗ್ಗಿಕೊಂಡಿತು. ಆದರೆ ಅದೇ ಪೇಟೆಯ ಮದುವೆ ಫೋಟೊಗ್ರಾಫರ್, ಅಡುಗೆ ಗುತ್ತಿಗೆದಾರ, ಪೆಂಡಾಲಿನವರು, ಟ್ರಾವೆಲ್ಸ್ ನಡೆಸುವವರು ಒಂದು ಪ್ರಶ್ನೆ ಬಂದಾಗ ತಡವರಿಸುತ್ತಾರೆ: ‘ಕ್ರೆಡಿಟ್ ಕಾರ್ಡ್ ನಡೀತೈತೇನ್ರಿ?’

ಹೀಗೆ ಕೇಳುವವರು ಸಾಮಾನ್ಯವಾಗಿ ಊರಲ್ಲಿರುವವರಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ, ಮದುವೆ ಮಾತ್ರ ಊರಲ್ಲಿ ಎನ್ನುವ ಮನೆಯವರು ಕೇಳುತ್ತಾರೆ. ಮಳೆಗಾಲದಲ್ಲಿ ಗೋಕಾಕ ಜಲಪಾತ, ಗೊಡಚಿನಮಲ್ಕಿ ನೋಡಲು ಬರುವವರು, ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದು ಗಾಡಿ ಹಿಡಿಯಬೇಕೆನ್ನುವವರು ಕೇಳುತ್ತಾರೆ. ಇವರ ಕೆಲಸ ಹಿಡಿಯಬೇಕಾದರೆ ಇಸಾರ ಮೊದಲೇ ಕೈಸೇರಬೇಕು. ಗುರುತಿಲ್ಲದ ಗಿರಾಕಿಯ ಮಾತಿನ ಮೇಲೆ ಲಗ್ನಸರಾಯಿಯ ಒಂದು ದಿನವನ್ನು ಖಾಲಿ ಇಟ್ಟುಕೊಂಡು ಕೂರುವುದು ಯಾರಿಗೂ ಪರವಡಿಸದು.

<b>ನೂರಕ್ಕೆ ಎರಡು, ಅದರ ಮೇಲೆ ತೆರಿಗೆ</b>

‘ಇಂದು ನಗದು, ನಾಳೆ ಉದ್ರಿ’ ಎಂದು ಫಲಕ ಹಾಕಿಕೊಂಡ ಅಂಗಡಿಗಳು ನಮ್ಮಲ್ಲಿ ಬಹಳ. ಕ್ರೆಡಿಟ್ ಕಾರ್ಡಿನಲ್ಲೂ ಗಿರಾಕಿ ಉದ್ರಿಯನ್ನೇ ಮಾಡುತ್ತಾನೆ, ಆದರೆ ಅಂಗಡಿಯವರ ಹತ್ತಿರ ಅಲ್ಲ, ಬ್ಯಾಂಕಿನ ಹತ್ತಿರ. ಅವನು ಬ್ಯಾಂಕಿಗೆ ತಿಂಗಳೊಪ್ಪತ್ತಿನಲ್ಲಿ ತೀರಿಸಲಿ, ಕಂತು ಮಾಡಿಕೊಳ್ಳಲಿ, ನಿಮ್ಮ ಖಾತೆಗೆ ಹಣ ಸಾಮಾನ್ಯವಾಗಿ ಎರಡು ಮೂರು ಕೆಲಸದ ದಿನಗಳಲ್ಲಿ ಬೀಳುತ್ತದೆ. ವಸೂಲಿಗೆ ಅಲೆಯುವ ಕೆಲಸ ನಿಮ್ಮದಲ್ಲ. ಶುಲ್ಕ ಹುಟ್ಟುವುದು ಈ ಅನುಕೂಲಕ್ಕೆ.

ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ಮತ್ತು ರುಪೇ ಡೆಬಿಟ್ ಕಾರ್ಡಿಗೆ 2020ರ ಜನವರಿ 1ರಿಂದ ಎಂಡಿಆರ್, ಅಂದರೆ ಪಾವತಿಗೆ ವ್ಯಾಪಾರಿ ಕೊಡಬೇಕಾದ ಶುಲ್ಕ, ಇಲ್ಲ. ಕ್ರೆಡಿಟ್ ಕಾರ್ಡಿನ ಶುಲ್ಕಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿಲ್ಲ. ಆನ್‌ಲೈನ್‌ನಲ್ಲಿ ನೂರಕ್ಕೆ ಎರಡು ರೂಪಾಯಿಯ ಆಸುಪಾಸು ಇರುತ್ತದೆ, ಆ ಶುಲ್ಕದ ಮೇಲೆ ಶೇ 18ರಷ್ಟು ಜಿಎಸ್‌ಟಿ. 25,000 ರೂಪಾಯಿ ಇಸಾರ ಬಂದರೆ ಶುಲ್ಕ 500, ತೆರಿಗೆ 90. ಕೈಗೆ ಉಳಿಯುವುದು 24,410 ರೂಪಾಯಿ. ವಿದೇಶದ ಕಾರ್ಡಾದರೆ ಶುಲ್ಕ ಇನ್ನೂ ಹೆಚ್ಚು, ಅದನ್ನು ಪಡೆಯಲು ಬೇರೆ ಅನುಮತಿಯೂ ಬೇಕಾಗುತ್ತದೆ. ಈ 590 ರೂಪಾಯಿಯನ್ನು ಗಿರಾಕಿಯ ಬಿಲ್ಲಿಗೆ ‘ಕಾರ್ಡ್ ಚಾರ್ಜ್’ ಎಂದು ಸೇರಿಸುವುದಕ್ಕೆ ಹೆಚ್ಚಿನ ಒಪ್ಪಂದಗಳು ಅವಕಾಶ ಕೊಡುವುದಿಲ್ಲ. ದರ ಹೇಳುವಾಗಲೇ ಇದನ್ನೂ ಲೆಕ್ಕಕ್ಕೆ ಹಿಡಿದು ಹೇಳುವುದು ಸರಿಯಾದ ದಾರಿ.

<b>ವೆಬ್‌ಸೈಟ್ ಇಲ್ಲದಿದ್ದರೂ ಲಿಂಕ್ ಸಾಕು</b>

ಆನ್‌ಲೈನ್ ಕಾರ್ಡ್ ಎಂದ ಕೂಡಲೇ ವೆಬ್‌ಸೈಟ್ ಕಟ್ಟಿಸಬೇಕು ಎಂಬ ಹೆದರಿಕೆ ಹಲವರಿಗಿದೆ. ಸಣ್ಣ ಉದ್ಯೋಗಕ್ಕೆ ಪೇಮೆಂಟ್ ಲಿಂಕ್ ಸಾಕಾಗುತ್ತದೆ. ಮೊತ್ತ, ಕೆಲಸದ ವಿವರ ತುಂಬಿ ಲಿಂಕ್ ಮಾಡಿ ವಾಟ್ಸ್‌ಆ್ಯಪ್‌ಗೆ ಕಳಿಸಿದರೆ, ಗಿರಾಕಿ ಅದನ್ನು ತೆರೆದು ಕಾರ್ಡಿನಿಂದ ಕಟ್ಟುತ್ತಾನೆ. ಬೆಂಗಳೂರಿನಲ್ಲೇ ಬೆಳೆದ ರೇಜರ್‌ಪೇಯಂಥ ಕಂಪನಿಗಳು ಈ ಸೌಲಭ್ಯ ಕೊಡುತ್ತವೆ, ಬ್ಯಾಂಕುಗಳೂ ಕೊಡುತ್ತವೆ. ಇಂಥ ಕಂಪನಿಗಳಿಗಾಗಿ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ನಿಯಮ ತಂದಿತು. ಅದರಂತೆ ವ್ಯಾಪಾರಿಗೆ ಸೇರಬೇಕಾದ ಹಣ ಕಂಪನಿಯ ಸ್ವಂತ ಹಣದ ಜೊತೆ ಬೆರೆಯದೆ ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಇರಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿದೆ. ಸೇರುವ ಮೊದಲು ಅದನ್ನು ನೋಡಿಕೊಳ್ಳಬೇಕು.

ಕೇಳುವ ಕಾಗದ ಹೆಚ್ಚೇನಿಲ್ಲ: ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ, ಉದ್ಯೋಗ ಇದೆ ಎನ್ನುವುದಕ್ಕೆ ಒಂದು ಪುರಾವೆ. 2020ರ ಜುಲೈನಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಇದಕ್ಕೆ ಅನುಕೂಲ, ಅದು ಪೂರ್ತಿ ಉಚಿತ. ಫೋನಿನಲ್ಲಿ ಗಿರಾಕಿಯ ಕಾರ್ಡ್ ನಂಬರ್ ಬರೆದುಕೊಳ್ಳುವ ಕೆಲಸಕ್ಕೆ ಮಾತ್ರ ಯಾರೂ ಕೈಹಾಕಬಾರದು. 2022ರ ಅಕ್ಟೋಬರ್ 1ರಿಂದ ದೊಡ್ಡ ಆನ್‌ಲೈನ್ ಅಂಗಡಿಗಳೂ ಕಾರ್ಡ್ ನಂಬರ್ ಕೂಡಿಡುವಂತಿಲ್ಲ.

ಎಷ್ಟೋ ಮಂದಿಗೆ ತಿಳಿಯದ ಇನ್ನೊಂದು ದಾರಿ ಗೋಡೆಯ ಮೇಲಿನ ಕ್ಯೂಆರ್‌ನಲ್ಲೇ ಇದೆ. 2022ರ ಸೆಪ್ಟೆಂಬರ್‌ನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. 2,000 ರೂಪಾಯಿವರೆಗಿನ ಪಾವತಿಗೆ ಸಣ್ಣ ವ್ಯಾಪಾರಿಗೆ ಶುಲ್ಕವಿಲ್ಲ. ಆದರೆ ಆ ಕ್ಯೂಆರ್ ವ್ಯಾಪಾರದ ಹೆಸರಿನದಾಗಿರಬೇಕು. ಸ್ವಂತ ಫೋನ್ ನಂಬರಿನ ಖಾಸಗಿ ಯುಪಿಐಗೆ ಕ್ರೆಡಿಟ್ ಕಾರ್ಡಿನ ಹಣ ಬರುವುದೇ ಇಲ್ಲ.

<b>ಸೇವೆಗೆ ಪಾರ್ಸೆಲ್ ರಸೀದಿ ಇಲ್ಲ</b>

ಶುಲ್ಕದ ಬಗ್ಗೆ ಎಲ್ಲರೂ ಕೇಳುತ್ತಾರೆ, ಚಾರ್ಜ್‌ಬ್ಯಾಕ್ ಬಗ್ಗೆ ಕೇಳುವವರು ಕಡಿಮೆ. ಸೇವೆಯ ಉದ್ಯೋಗದವರಿಗೆ ನಿಜವಾದ ಪೆಟ್ಟು ಬೀಳುವುದು ಅಲ್ಲಿ. ‘ಹೇಳಿದ ಕೆಲಸ ಆಗಲಿಲ್ಲ’ ಎಂದು ಗಿರಾಕಿ ತನ್ನ ಬ್ಯಾಂಕಿಗೆ ದೂರಿದರೆ, ಆ ಮೊತ್ತವನ್ನು ನಿಮ್ಮ ಲೆಕ್ಕದಿಂದ ಹಿಂದಕ್ಕೆ ಎಳೆಯಬಹುದು. ದೂರಲು ಅವನಿಗೆ ಸಾಮಾನ್ಯವಾಗಿ 120 ದಿನಗಳ ಅವಕಾಶ. ಮುಂಗಡ ಕೊಟ್ಟ ಕೆಲಸವಾದರೆ ಆ ದಿನಗಳ ಎಣಿಕೆ ಕೆಲಸ ಆಗಬೇಕಿದ್ದ ದಿನದಿಂದ ಶುರುವಾಗುತ್ತದೆ. ಉತ್ತರ ಕೊಡಲು ನಿಮಗೆ ಸಿಗುವುದು ಕೆಲವೇ ದಿನ.

ಗೋಕಾಕದಿಂದ ಕರದಂಟು ಕಳಿಸಿದವರು ಕೊರಿಯರ್ ರಸೀದಿ ತೋರಿಸಿ ಪಾರಾಗಬಹುದು. ಎರಡು ದಿನ ನಿಂತು ಮದುವೆಯ ಫೋಟೊ ತೆಗೆದವರು, ಐನೂರು ಜನರಿಗೆ ಅಡುಗೆ ಬಡಿಸಿದವರು ಏನು ತೋರಿಸಬೇಕು? ಉಂಡ ಎಲೆ ಎತ್ತಿದ ಮೇಲೆ ಪುರಾವೆ ಉಳಿಯುವುದಿಲ್ಲ. ನಮ್ಮ ಕಡೆಯ ವ್ಯವಹಾರ ನಿಂತಿರುವುದು ಬಾಯಿಮಾತಿನ ಮೇಲೆ. ‘ನೋಡ್ಕೊಂಡು ಕೊಡ್ರಿ’ ಎಂಬ ಮಾತು ಗುರುತಿನವರ ನಡುವೆ ಚೆನ್ನಾಗಿ ನಡೆಯುತ್ತದೆ, ಬ್ಯಾಂಕಿನ ಮುಂದೆ ನಡೆಯುವುದಿಲ್ಲ.

ಹಾಗಾಗಿ ಲಿಂಕ್ ಕಳಿಸುವ ಮೊದಲು ಅದೇ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆಯಬೇಕು: ಯಾವ ದಿನ, ಯಾವ ಊರು, ಏನೇನು ಕೆಲಸ, ಒಟ್ಟು ಎಷ್ಟು, ಇಸಾರ ಎಷ್ಟು, ಗಿರಾಕಿ ರದ್ದು ಮಾಡಿದರೆ ಎಷ್ಟು ಮರಳುತ್ತದೆ, ನಮ್ಮಿಂದಲೇ ತಪ್ಪಿದರೆ ಏನು. ಗಿರಾಕಿಯಿಂದ ‘ಒಪ್ಪಿಗೆ’ ಎಂಬ ಉತ್ತರ ಬಂದ ಮೇಲೆಯೇ ಲಿಂಕ್ ಹೋಗಬೇಕು. ಕೆಲಸ ಮುಗಿದ ದಿನ ‘ಸರಿಯಾಗಿ ಮುಟ್ಟಿತು’ ಎಂಬ ಒಂದು ಸಾಲನ್ನೂ ಬರೆಸಿಕೊಳ್ಳಬೇಕು. ತಕರಾರು ಬಂದಾಗ ಈ ಬರಹವೇ ನಿಮ್ಮ ಕೊರಿಯರ್ ರಸೀದಿ. ಇಸಾರ ಮರಳಿಸುವಾಗ ಕಂಪನಿ ಹಿಡಿದ ಶುಲ್ಕ ಸಾಮಾನ್ಯವಾಗಿ ವಾಪಸು ಬರುವುದಿಲ್ಲ ಎಂಬುದನ್ನೂ ರದ್ದತಿಯ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು.

<b>ಲೆಕ್ಕ ಕಾಣಿಸುತ್ತದೆ ಎಂಬ ಅಳುಕು</b>

ಇಷ್ಟು ಕೇಳಿದ ಮೇಲೂ ಕೆಲವರು ಹಿಂಜರಿಯಲು ಕಾರಣ ತೆರಿಗೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಬೇಕರಿ, ಚಹಾ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಬಿದ್ದವು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಆ ಬಿಸಿ ತಗ್ಗಿತು. ಆದರೆ ಕಾನೂನು ಮೊದಲಿನದೇ: ಸೇವೆಯ ಉದ್ಯೋಗದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಈ 20 ಲಕ್ಷದಲ್ಲಿ ನಗದೂ ಸೇರುತ್ತದೆ. ಕಾರ್ಡ್ ಒಲ್ಲೆ ಎಂದರೆ ಗಿರಾಕಿ ತಪ್ಪಬಹುದು, ತೆರಿಗೆ ತಪ್ಪುವುದಿಲ್ಲ.

ಎಲ್ಲರಿಗೂ ಕಾರ್ಡ್ ಲಿಂಕ್ ಬೇಕೇ ಬೇಕು ಎಂದಲ್ಲ. ಮೋಟಾರ್ ರಿವೈಂಡಿಂಗ್ ಮಾಡುವವರಿಗೆ, ಊರೊಳಗಿನ ಟೇಲರ್‌ಗೆ ವ್ಯಾಪಾರದ ಕ್ಯೂಆರ್ ಸಾಕು. ಇಸಾರ ದೊಡ್ಡದು, ಗಿರಾಕಿ ದೂರದವನು, ದಿನ ಕಾಯ್ದಿರಿಸಬೇಕು ಎನ್ನುವ ಕೆಲಸಕ್ಕೆ ಕಾರ್ಡ್ ಲಿಂಕ್ ಲಾಭದ್ದು. ಲಗ್ನಸರಾಯಿಯಲ್ಲಿ ಒಂದು ದಿನ ಖಾಲಿ ಬಿದ್ದರೆ ಆಗುವ ನಷ್ಟದ ಮುಂದೆ 590 ರೂಪಾಯಿ ದೊಡ್ಡ ಮೊತ್ತವಲ್ಲ. ಮೊದಲ ಲಿಂಕನ್ನು ಗುರುತಿನ ಗಿರಾಕಿಯೊಬ್ಬರಿಗೆ ಸಣ್ಣ ಮೊತ್ತಕ್ಕೆ ಕಳಿಸಿ, ಖಾತೆಗೆ ಎಷ್ಟು ಬಿತ್ತು, ಯಾವಾಗ ಬಿತ್ತು ಎಂದು ನೋಡಿ. ದೊಡ್ಡ ಇಸಾರಕ್ಕೆ ಕೈಹಾಕುವುದು ಆಮೇಲೆ.