ಬಾಡಿಗೆ ಬಾಕಿ ಇದ್ದರೆ ಮಾಳಿಗೆ ಸೋರಲೇಬೇಕೇ?

ನಮ್ಮ ರಾಯದುರ್ಗದ ಕಡೆ ಮಳೆ ಕಡಿಮೆ. ಅನಂತಪುರ ಜಿಲ್ಲೆ ಬರಗಾಲಕ್ಕೆ ಹೆಸರಾದ ಜಿಲ್ಲೆ. ವರ್ಷದ ಬಹಳ ದಿನ ಮಾಳಿಗೆಯ ನೆನಪು ಯಾರಿಗೂ ಬರುವುದಿಲ್ಲ. ಆದರೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಒಂದು ರಾತ್ರಿ ಜೋರು ಮಳೆ ಬಂದರೆ ಸಾಕು. ಯಾವ ಮನೆ ಗಟ್ಟಿ, ಯಾವ ಮನೆ ಸೋರುತ್ತದೆ ಎಂದು ಬೆಳಗಾಗುವುದರೊಳಗೆ ಗೊತ್ತಾಗುತ್ತದೆ.

ಒಂದು ಮನೆ ಇದೆ ಎಂದುಕೊಳ್ಳೋಣ. ಹಳೆಯ ಮಣ್ಣಿನ ಮಾಳಿಗೆ. ಬಾಡಿಗೆ ತಿಂಗಳಿಗೆ 2,000 ರೂಪಾಯಿ. ಅಲ್ಲಿ ಇರುವ ಅಕ್ಕ ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸಕ್ಕೆ ಹೋಗುತ್ತಾಳೆ. ಒಂದು ಪೀಸಿಗೆ ಇಷ್ಟು ಎಂದು ಕೂಲಿ. ಎರಡು ತಿಂಗಳಿಂದ ಕೆಲಸ ಸರಿಯಾಗಿ ಸಿಕ್ಕಿಲ್ಲ. ಎರಡು ತಿಂಗಳ ಬಾಡಿಗೆ ನಿಂತಿದೆ. ಅಷ್ಟರಲ್ಲಿ ಮಳೆ ಬಂತು. ಒಲೆಯ ಮೂಲೆಯಲ್ಲಿ ನೀರು ಇಳಿಯಿತು. ಅಕ್ಕ ರಾತ್ರಿಯೆಲ್ಲಾ ಪಾತ್ರೆ ಇಟ್ಟು ನೀರು ಎತ್ತಿ ಚೆಲ್ಲಿದಳು. ಗೋಡೆ ನೆನೆಯಿತು. ಸ್ವಿಚ್ಚು ಮುಟ್ಟಿದರೆ ಕೈ ಜುಮ್ ಎಂದಿತು. ಬೆಳಿಗ್ಗೆ ಮನೆ ಮಾಲೀಕರ ಹತ್ತಿರ ಹೋದಳು.

"ಅಣ್ಣಾ, ಮಾಳಿಗೆ ಸೋರ್ತೈತೆ. ಗೋಡೆ ನೆಂದು ಕರೆಂಟ್ ಹೊಡೀತೈತೆ."

"ಮೊದ್ಲು ಎರಡು ತಿಂಗಳ ಬಾಡಿಗೆ ಕೊಡಮ್ಮ. ಆಮ್ಯಾಲೆ ಮಾಳಿಗೆ ಮಾತು."

"ಮೊದ್ಲು ಮಾಳಿಗೆ ಸರಿ ಮಾಡ್ಸಣ್ಣ. ಆಮ್ಯಾಲೆ ಬಾಡಿಗೆ ಕೊಡ್ತೀನಿ."

ಇಂಥ ಮಾತು ನೀವೂ ಕೇಳಿರಬಹುದು. ಆಡಿಯೂ ಇರಬಹುದು. ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ. ಆದರೆ ಇಬ್ಬರ ಮಾತೂ ತಪ್ಪು. ಬಾಡಿಗೆ ಒಂದು ಲೆಕ್ಕ. ರಿಪೇರಿ ಇನ್ನೊಂದು ಲೆಕ್ಕ. ಒಂದನ್ನು ತೋರಿಸಿ ಇನ್ನೊಂದನ್ನು ನಿಲ್ಲಿಸಲು ಬರುವುದಿಲ್ಲ.

ಮನೆ ಬಾಡಿಗೆಯ ಬಗ್ಗೆ ಹಳೆಯ ಕಾನೂನು ಒಂದಿದೆ. ಅದು 1882ರ ಆಸ್ತಿ ವರ್ಗಾವಣೆ ಕಾನೂನು. ಅದರ 108ನೇ ಸೆಕ್ಷನ್‌ನಲ್ಲಿ ಮಾಲೀಕರು ಏನು ಮಾಡಬೇಕು, ಬಾಡಿಗೆಯವರು ಏನು ಮಾಡಬೇಕು ಎಂದು ಬರೆದಿದೆ. ಬಾಡಿಗೆಯವರು ಹೇಳಿದ ದಿನಕ್ಕೆ ಬಾಡಿಗೆ ಕೊಡಬೇಕು. ಮನೆಯನ್ನು ಚೆನ್ನಾಗಿ ನೋಡಿಕೊಳ್ಳಬೇಕು. ದಿನ ಬಳಸಿದರೆ ಆಗುವ ಸವಕಲಿಗೆ ಅವರು ಹೊಣೆ ಅಲ್ಲ. ಇನ್ನು ಮಾಲೀಕರು ಮಾಡಿಸಲೇಬೇಕಾದ ರಿಪೇರಿ ಇದ್ದರೆ, ಬಾಡಿಗೆಯವರು ಅದನ್ನು ಅವರಿಗೆ ತಿಳಿಸಬೇಕು. ತಿಳಿಸಿದ ಮೇಲೂ ತಕ್ಕಷ್ಟು ದಿನದೊಳಗೆ ಅವರು ಮಾಡಿಸದಿದ್ದರೆ, ಬಾಡಿಗೆಯವರೇ ಮಾಡಿಸಬಹುದು. ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು.

ಇಲ್ಲಿ ಒಂದು ಮಾತನ್ನು ಎರಡು ಸಲ ಓದಿ. 'ಮಾಲೀಕರು ಮಾಡಿಸಲೇಬೇಕಾದ ರಿಪೇರಿ.' ಯಾವುದು ಅವರದು, ಯಾವುದು ನಮ್ಮದು ಎಂದು ಆ ಹಳೆಯ ಕಾನೂನು ಪಟ್ಟಿ ಕೊಡುವುದಿಲ್ಲ. ಮನೆಗೆ ಬರುವಾಗ ಆದ ಮಾತನ್ನು ನೋಡುತ್ತದೆ. ಊರಿನ ರೂಢಿಯನ್ನು ನೋಡುತ್ತದೆ. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ಹಾಕಬೇಕು. ಮಣ್ಣು ಮಾಲೀಕರದು, ಹರವುವ ಕೂಲಿ ಬಾಡಿಗೆಯವರದು ಎಂದು ಮಾತು ಆಗಿರಬಹುದು. ಆಗಿದ್ದರೆ ಆ ಮಾತೇ ನಡೆಯುತ್ತದೆ. ಬಹಳ ಮನೆಗಳಲ್ಲಿ ಮಾತೇ ಆಗಿರುವುದಿಲ್ಲ. ಅಡ್ವಾನ್ಸ್ ಎಷ್ಟು, ನೀರು ಬರುತ್ತದೆಯೇ, ಇಷ್ಟೇ ಕೇಳಿ ಸಾಮಾನು ತರುತ್ತೇವೆ. ಮಾಳಿಗೆಯನ್ನು ಬಿಸಿಲುಗಾಲದಲ್ಲಿ ಯಾರು ತಲೆ ಎತ್ತಿ ನೋಡುತ್ತಾರೆ?

ಮಾತು ಆಗದಿದ್ದರೆ ಒಂದು ಪಟ್ಟಿ ನಮಗೆ ಉಪಯೋಗಕ್ಕೆ ಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾನೂನು ಎಂಬುದನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ಅದು ಮಾದರಿ ಮಾತ್ರ. ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಕಾನೂನಿನ ಬಲ. ಆದರೂ ಅದರಲ್ಲಿರುವ ಹಂಚಿಕೆ ನ್ಯಾಯವಾಗಿದೆ. ಗೋಡೆ, ಮಾಳಿಗೆಯಂಥ ಕಟ್ಟಡದ ರಿಪೇರಿ ಮಾಲೀಕರದು. ಸುಣ್ಣ ಬಣ್ಣ, ನೀರಿನ ಪೈಪು, ಕರೆಂಟ್ ವೈರು ಕೂಡಾ ಅವರದೇ. ನಲ್ಲಿ, ನಲ್ಲಿಯ ವಾಷರ್, ಸ್ವಿಚ್ಚು, ಬಾಗಿಲ ಬೀಗ, ಚರಂಡಿ ತೆಗೆಯುವುದು ಬಾಡಿಗೆಯವರದು. ಬಾಡಿಗೆಯವರ ಕೈಯಿಂದಲೇ ಕೆಟ್ಟದ್ದಾದರೆ ಅದು ಬಾಡಿಗೆಯವರ ಖರ್ಚು. ಮನೆ ಹಿಡಿಯುವ ದಿನ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದೆ ಅರ್ಧ ಜಗಳ ಇರುವುದಿಲ್ಲ.

ಈಗ ನಮ್ಮ ಅಕ್ಕನ ಮನೆಗೆ ಬರೋಣ. ಅವಳು ಮೊದಲು ಮೇನ್ ಸ್ವಿಚ್ಚು ತೆಗೆಯಬೇಕು. ಕರೆಂಟ್ ಕೆಲಸದವರನ್ನು ಕರೆಯಬೇಕು. ಇದಕ್ಕೆ ಯಾರ ಉತ್ತರಕ್ಕೂ ಕಾಯಬಾರದು. ಆಮೇಲೆ ಮಾಲೀಕರಿಗೆ ಒಂದು ಕಾಗದ ಬರೆಯಬೇಕು. ಬಾಯಿಮಾತು ಗಾಳಿಗೆ ಹೋಗುತ್ತದೆ. ಕಾಗದ ಉಳಿಯುತ್ತದೆ. ನೀವು ಈಗ ಬರೆಯಲು ಕಲಿತಿದ್ದೀರಿ. ಹೀಗೆ ಬರೆಯಬಹುದು:

ರಾಯದುರ್ಗ, ತಾರೀಖು ..........
ಮನೆ ಮಾಲೀಕರಾದ ಅಣ್ಣನವರಿಗೆ ನಮಸ್ಕಾರಗಳು.
ನಿಮ್ಮ ಮನೆಯ ಮಾಳಿಗೆ ಒಲೆಯ ಮೂಲೆಯಲ್ಲಿ ಸೋರುತ್ತಿದೆ. ಗೋಡೆ ನೆನೆದು ಕರೆಂಟ್ ಹೊಡೆಯುತ್ತಿದೆ. 15 ದಿನದೊಳಗೆ ಸರಿ ಮಾಡಿಸಿಕೊಡಿ. ನೀವು ಮಾಡಿಸದಿದ್ದರೆ ನಾನು ಮಾಡಿಸಿ, ಚೀಟಿ ತೋರಿಸಿ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುತ್ತೇನೆ. ನನ್ನ ಬಾಡಿಗೆ 4,000 ರೂಪಾಯಿ ಬಾಕಿ ಇದೆ. ಕೆಲಸ ಇಲ್ಲದೆ ಹೀಗಾಯಿತು. ಈಗ 1,000 ಕೊಡುತ್ತಿದ್ದೇನೆ. ಉಳಿದದ್ದನ್ನು ಮೂರು ತಿಂಗಳಲ್ಲಿ ತೀರಿಸುತ್ತೇನೆ.
ಸಹಿ ..........

ಮಾಲೀಕರು ತೆಲುಗು ಓದುವವರಾದರೆ ತೆಲುಗಿನಲ್ಲಿ ಬರೆಸಿ. ಒಂದು ನಕಲು ನಿಮ್ಮ ಹತ್ತಿರ ಇರಲಿ. ಕೈಗೆ ಕೊಟ್ಟರೆ ನಕಲಿನ ಮೇಲೆ ಅವರ ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

'ಬಾಕಿ ಇದೆ ಅಂತ ನಾನೇ ಬರೆದುಕೊಟ್ಟರೆ ಸಿಕ್ಕಿ ಬೀಳೋದಿಲ್ಲವಾ?' ಎಂದು ಕೇಳುವವರು ಇದ್ದಾರೆ. ಬಾಕಿ ಇರುವುದು ಮಾಲೀಕರಿಗೆ ಗೊತ್ತೇ ಇದೆ. ಮುಚ್ಚಿಟ್ಟರೆ ಏನೂ ಲಾಭ ಇಲ್ಲ. ಬರೆದರೆ ಲಾಭ ಇದೆ. ಆಂಧ್ರಪ್ರದೇಶದಲ್ಲಿ 1960ರಲ್ಲಿ ಬಾಡಿಗೆ ನಿಯಂತ್ರಣ ಕಾನೂನು ಬಂದಿತ್ತು. ಬೇಕೆಂದೇ ಬಾಡಿಗೆ ನಿಲ್ಲಿಸಿದವರು ಬೇರೆ, ಕಷ್ಟದಿಂದ ನಿಂತದ್ದು ಬೇರೆ ಎಂದು ಆ ಕಾನೂನು ನೋಡುತ್ತಿತ್ತು. ಬೇಕೆಂದು ನಿಲ್ಲಿಸಿಲ್ಲ ಎಂದು ಕಂಡರೆ, ಬಾಕಿ ಕಟ್ಟಲು 15 ದಿನದವರೆಗೆ ಸಮಯ ಕೊಡಬಹುದಿತ್ತು. ಅದೇ ಕಾನೂನಿನಲ್ಲಿ ಒಂದು ಕಟ್ಟುನಿಟ್ಟೂ ಇತ್ತು. ಮನೆ ಬಿಡಿಸುವ ಕೇಸು ಬಂದಾಗ, ಬಾಡಿಗೆಯವರು ಬಾಕಿ ಎಲ್ಲಾ ಕಟ್ಟಿದ ಮೇಲೆಯೇ ತಮ್ಮ ವಾದ ಹೇಳಬೇಕಿತ್ತು. 'ಮಾಳಿಗೆ ಸೋರ್ತಿತ್ತು ಸ್ವಾಮಿ, ಅದಕ್ಕೇ ಕೊಡಲಿಲ್ಲ' ಎಂದರೆ ನಡೆಯುತ್ತಿರಲಿಲ್ಲ. 2017ರಲ್ಲಿ ರಾಜ್ಯ ಹೊಸ ಬಾಡಿಗೆ ಕಾನೂನು ಮಾಡಿತು. ಅದು ನಿಮ್ಮ ಮನೆಗೆ ಹೇಗೆ ಹತ್ತುತ್ತದೆ ಎಂದು ವಕೀಲರನ್ನು ಕೇಳಿ. ಯಾವ ಕಾನೂನಿದ್ದರೂ ಬಾಡಿಗೆ ಪೂರಾ ನಿಲ್ಲಿಸುವುದು ಅಪಾಯ. ಕೈಲಾದಷ್ಟು ಕೊಡಿ. ಕೊಟ್ಟದ್ದಕ್ಕೆ ರಸೀದಿ ಕೇಳಿ. ಫೋನಿನಲ್ಲಿ ಕಳಿಸಿದರೆ ಅದೇ ಗುರುತು.

15 ದಿನ ಕಳೆಯಿತು, ಮಾಲೀಕರು ಬರಲಿಲ್ಲ ಎಂದುಕೊಳ್ಳಿ. ಅಕ್ಕ ಸವಳು ಮಣ್ಣು ತರಿಸಿ, ಇಬ್ಬರು ಕೂಲಿಯವರನ್ನು ಕರೆದು ಮಾಳಿಗೆ ಸರಿ ಮಾಡಿಸಿದಳು. ಖರ್ಚು 1,500. ಈಗ ಲೆಕ್ಕ ಮಾಡಿ. ಬಾಕಿ 4,000. ಕೊಟ್ಟದ್ದು 1,000. ಉಳಿದದ್ದು 3,000. ಅದರಲ್ಲಿ 1,500 ಮುರಿದರೆ ಇನ್ನು ಕೊಡಬೇಕಾದದ್ದು 1,500. ಇದನ್ನೂ ಬರೆದು, ಮಣ್ಣಿನ ಮತ್ತು ಕೂಲಿಯ ಚೀಟಿಯ ನಕಲು ಸೇರಿಸಿ ಮಾಲೀಕರಿಗೆ ಕೊಡಬೇಕು. ಸೋರುವುದು ನಿಲ್ಲುವಷ್ಟು ಕೆಲಸ ಮಾಡಿಸಿದರೆ ಸಾಕು. ಅವರನ್ನು ಕೇಳದೆ ಹೊಸ ಸಿಮೆಂಟ್ ಮಾಳಿಗೆ ಹಾಕಿಸಿ, ಇಪ್ಪತ್ತು ಸಾವಿರ ಮುರಿದುಕೊಳ್ಳುತ್ತೇನೆ ಎಂದರೆ ಯಾವ ಕೋರ್ಟೂ ಒಪ್ಪುವುದು ಕಷ್ಟ.

ಅಡ್ವಾನ್ಸ್ ಹಣದ ಮಾತೂ ಬರುತ್ತದೆ. 'ನನ್ನ ಅಡ್ವಾನ್ಸ್ ಅವರ ಹತ್ತಿರ ಇದೆಯಲ್ಲ, ಬಾಕಿಗೆ ಹಿಡಿದುಕೊಳ್ಳಲಿ' ಎನ್ನುತ್ತೇವೆ. ಗೂಡೂರಿನ ಒಂದು ಹೋಟೆಲ್ ಕಟ್ಟಡದ ಕೇಸು ಹೀಗೆಯೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಆಗಿನ ಕಾನೂನು ಒಪ್ಪಿದ್ದಕ್ಕಿಂತ ಹೆಚ್ಚು ಅಡ್ವಾನ್ಸ್ ಮಾಲೀಕರ ಕೈಯಲ್ಲಿತ್ತು. ಅಷ್ಟು ಹಣ ಅವರ ಹತ್ತಿರವೇ ಇರುವಾಗ ಬಾಡಿಗೆದಾರ ಬಾಕಿದಾರನಲ್ಲ ಎಂದು 1989ರಲ್ಲಿ ತೀರ್ಪು ಬಂತು. ಆದರೆ ಅದನ್ನೇ ನಂಬಿ ಸುಮ್ಮನೆ ಕೂರಬೇಡಿ. ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ ಎನ್ನುವುದನ್ನೂ ಬರೆದು ಒಪ್ಪಿಸಿಕೊಳ್ಳಬೇಕು.

ಮಾಲೀಕರ ಕಷ್ಟವನ್ನೂ ನೋಡಬೇಕು. ಬಾಡಿಗೆ ಕೊಡುವವರೆಲ್ಲ ಸಾಹುಕಾರರಲ್ಲ. ಎರಡು ಕೋಣೆ ಬಾಡಿಗೆಗೆ ಕೊಟ್ಟು, ಆ ಹಣದಲ್ಲೇ ಔಷಧಿ ತರುವ ಅಜ್ಜಿಯೂ ಮಾಲೀಕಳೇ. ಅವಳಿಗೆ ಎರಡು ತಿಂಗಳ ಬಾಡಿಗೆ ನಿಂತರೆ ಮಣ್ಣು ತರಿಸಲು ದುಡ್ಡು ಎಲ್ಲಿಂದ ಬರಬೇಕು? ಅಂಥಲ್ಲಿ 'ಮಣ್ಣು, ಕೂಲಿ ನಾನು ನೋಡಿಕೊಳ್ತೀನಜ್ಜಿ, ಬಾಕಿಯಲ್ಲಿ ಮುರಿಯಿರಿ' ಎಂದರೆ ಇಬ್ಬರಿಗೂ ಅನುಕೂಲ. ಮಾಳಿಗೆ ಬಿದ್ದರೆ ಹೋಗುವುದು ಅವಳ ಮನೆಯೇ.

ಬಾಕಿ ಇದೆ ಎಂದು ಮಾಲೀಕರು ಕೆಲವು ಕೆಲಸ ಮಾಡಬಾರದು. ನೀರು, ಕರೆಂಟ್ ಕಡಿಯಬಾರದು. ಸೌಕರ್ಯ ನಿಲ್ಲಿಸಬಾರದೆಂದು 1960ರ ಕಾನೂನಿನಲ್ಲೂ ಇತ್ತು, 2021ರ ಮಾದರಿಯಲ್ಲೂ ಇದೆ. ಸಾಮಾನು ಬೀದಿಗೆ ಹಾಕಬಾರದು. ಬೀಗ ಹಾಕಬಾರದು. ಬಾಕಿ ಬೇಕೆಂದರೆ, ಮನೆ ಬಿಡಿಸಬೇಕೆಂದರೆ ಕೋರ್ಟಿಗೆ ಹೋಗಬೇಕು. ಬಲವಂತದಿಂದ ಹೊರಗೆ ಹಾಕಿದರೆ ಆರು ತಿಂಗಳೊಳಗೆ ದಾವೆ ಹಾಕಿ ಮನೆ ವಾಪಸ್ ಕೇಳಬಹುದು. ಇದು 1963ರ ನಿರ್ದಿಷ್ಟ ಪರಿಹಾರ ಕಾನೂನಿನಲ್ಲಿದೆ.

ಆದರೆ ಇನ್ನೊಂದು ಮಾತನ್ನು ಮುಚ್ಚಿಡಬಾರದು. ತಿಂಗಳ ಬಾಡಿಗೆಯ ಮನೆಗೆ 1882ರ ಕಾನೂನಿನ ಪ್ರಕಾರ 15 ದಿನದ ನೋಟಿಸು ಕೊಟ್ಟು ಬಿಡಿ ಎನ್ನಬಹುದು. ರಿಪೇರಿ ಕೇಳಿದ್ದಕ್ಕೆ ಸಿಟ್ಟಾಗಿ ಅಂಥ ನೋಟಿಸು ಬಂದರೂ ಬರಬಹುದು. ಬಂದರೆ ಅದನ್ನು ಹರಿದು ಬಿಸಾಡಬೇಡಿ, ಹೆದರಿ ಓಡಲೂ ಬೇಡಿ. ಓದಿ, ತಾರೀಖು ನೋಡಿ, ವಕೀಲರಿಗೆ ತೋರಿಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೂ ದಾರಿ ಇದೆ. ರಾಯದುರ್ಗದಲ್ಲಿ ಸಿವಿಲ್ ಜಡ್ಜ್ ಕೋರ್ಟು ಇದೆ. ಮಡಕಶಿರಾದಲ್ಲೂ ಇದೆ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕೋರ್ಟಿನಲ್ಲಿ ಮಂಡಲ ಕಾನೂನು ಸೇವಾ ಸಮಿತಿಯನ್ನು ಕೇಳಿ. 1987ರ ಕಾನೂನಿನಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹೆಂಗಸರಿಗೆ ವರಮಾನ ಎಷ್ಟು ಎಂದು ಕೇಳುವುದಿಲ್ಲ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುತ್ತಾರೆ. ಅಲ್ಲಿ ಕೋರ್ಟ್ ಫೀಸು ಇಲ್ಲ. ಅಲ್ಲಿ ಬರೆದ ರಾಜಿಗೆ ಕೋರ್ಟ್ ತೀರ್ಪಿನಷ್ಟೇ ಬಲ. ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿಕೊಳ್ಳಿ. ಫೋನಿನಲ್ಲಿ ಕೇಳಬೇಕೆಂದರೆ 15100ಕ್ಕೆ ಮಾಡಿ. ದುಡ್ಡು ಬೀಳುವುದಿಲ್ಲ.

ಹೋಗುವಾಗ ಕಾಗದದ ನಕಲು, ಬಾಡಿಗೆ ರಸೀದಿ, ಮಣ್ಣಿನ ಮತ್ತು ಕೂಲಿಯ ಚೀಟಿ, ಕರೆಂಟ್ ಬಿಲ್ಲು ಒಯ್ಯಿರಿ. ಸೋರಿದ ಗೋಡೆಯ ಫೋಟೋ ಫೋನಿನಲ್ಲಿ ಇದ್ದರೆ ಅದನ್ನೂ ತೋರಿಸಿ.