ಹತ್ತಿಯೊಳಗಿನ ಕಿಡಿ

ಈಗ ಫೈರ್ ಎಂಜಿನ್ ಬಂದರೆ ಸೈರನ್ ಕೂಗುತ್ತದೆ. ಮೊದಲು ಗಂಟೆ ಬಾರಿಸುತ್ತಿತ್ತು. ನಿಮ್ಮ ಅಜ್ಜನನ್ನೇ ಕೇಳಿ, ಆ ಟಣಟಣ ಸದ್ದು ಅವರಿಗೆ ನೆನಪಿರಬಹುದು. ಅದಕ್ಕೂ ಹಿಂದೆ ಮುಂಬಯಿಯಲ್ಲಿ ಬೆಂಕಿ ಆರಿಸುವ ಪಂಪುಗಳನ್ನು ಕುದುರೆಗಳು ಎಳೆಯುತ್ತಿದ್ದವು. ಆಗ ಅದು ಪೊಲೀಸರ ಕೆಲಸ. ಕಳ್ಳರನ್ನೂ ಹಿಡಿಯಬೇಕು, ಬೆಂಕಿಯನ್ನೂ ಆರಿಸಬೇಕು! 1887ರಲ್ಲಿ ಆ ಹೊಣೆ ನಗರಸಭೆಗೆ ಬಂತು. 1907ರಲ್ಲಿ ಮೋಟಾರು ಎಂಜಿನ್ ಬಂತು.

ದಳದ ಕೇಂದ್ರ ಕಚೇರಿ ಇರುವುದು ಬೈಕುಲಾದಲ್ಲಿ. ಅಲ್ಲೊಂದು ಸ್ಮಾರಕವಿದೆ. ಪ್ರತಿ ಏಪ್ರಿಲ್ 14ರಂದು ಸಿಬ್ಬಂದಿ ಅದಕ್ಕೆ ಹೂವಿಟ್ಟು ತಲೆಬಾಗುತ್ತಾರೆ. ಯಾಕೆ ಗೊತ್ತೇ?

1944ರ ಮಾತು. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಫೋರ್ಟ್ ಸ್ಟಿಕೀನ್ ಎಂಬ ಹಡಗು ಇಂಗ್ಲೆಂಡಿನಿಂದ ಕರಾಚಿಗೆ ಬಂದು, ಅಲ್ಲಿಂದ ಮುಂಬಯಿಯ ವಿಕ್ಟೋರಿಯಾ ಡಾಕ್‌ಗೆ ಬಂದು ನಿಂತಿತ್ತು. ಅದರೊಳಗೆ ಸುಮಾರು 1,400 ಟನ್ ಸ್ಫೋಟಕ. ಜೊತೆಗೆ ಚಿನ್ನದ ಗಟ್ಟಿಗಳು. ಸಾಲದೆಂಬಂತೆ, ಕರಾಚಿಯಲ್ಲಿ ತುಂಬಿದ ಹತ್ತಿಯ ಬೇಲುಗಳು. ಮದ್ದಿನ ಪಕ್ಕ ಹತ್ತಿ! ಅಡುಗೆಮನೆಯಲ್ಲಿ ಒಲೆಯ ಪಕ್ಕ ಸೀಮೆಎಣ್ಣೆ ಇಟ್ಟರೆ ಅಜ್ಜಿ ಸುಮ್ಮನಿರುತ್ತಾರೆಯೇ? ಅಪಾಯದ ಸರಕು ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕು. ಅದೂ ಇರಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ ಹತ್ತಿಯಿಂದ ಹೊಗೆ ಎದ್ದಿತು. ದಳದವರು ಓಡಿಬಂದು ನೀರು ಸುರಿದರು. ಬಿಗಿಯಾಗಿ ಒತ್ತಿದ ಬೇಲಿನಲ್ಲಿ ಕಿಡಿ ಒಳಗೊಳಗೇ ತೆವಳುತ್ತದೆ. ಮೇಲೆ ಸುರಿದ ನೀರು ಅಲ್ಲಿಗೆ ತಲುಪುವುದೇ ಕಷ್ಟ. 900 ಟನ್‌ಗೂ ಹೆಚ್ಚು ನೀರು ಬಿದ್ದರೂ ಬೆಂಕಿ ಆರಲಿಲ್ಲ. ಹಡಗಿನ ಒಳಗೆ ನೀರೇ ಕುದಿಯತೊಡಗಿತು. ಹಡಗು ಬಿಟ್ಟು ಇಳಿಯಿರಿ ಎಂದು ನಾವಿಕರಿಗೆ ಅಪ್ಪಣೆಯಾಯಿತು. ದಳದವರು ಮಾತ್ರ ನೀರಿನ ಪೈಪು ಕೈಬಿಡಲಿಲ್ಲ.

ಸಂಜೆ 4 ಗಂಟೆ 6 ನಿಮಿಷ. ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಮತ್ತೊಮ್ಮೆ. ಸುಮಾರು 1,400 ಕಿಲೋಮೀಟರ್ ದೂರದ ಸಿಮ್ಲಾದ ಭೂಕಂಪಮಾಪಕಕ್ಕೂ ಆ ನಡುಕ ತಟ್ಟಿತು. ಉರಿಯುವ ಹತ್ತಿ ಗೋದಾಮುಗಳ ಮೇಲೆ, ಗುಡಿಸಲುಗಳ ಮೇಲೆ ಬಿದ್ದು ಊರಿಗೇ ಕಿಚ್ಚು ಹತ್ತಿತು. ಚಿನ್ನದ ಗಟ್ಟಿಯೊಂದು ಹಾರಿ ಯಾರದೋ ಮನೆಯ ವರಾಂಡಕ್ಕೆ ಬಿತ್ತು! ಸತ್ತವರು ನೂರಾರು ಮಂದಿ. ಅವರಲ್ಲಿ 66 ಜನ ಬೆಂಕಿ ಆರಿಸಲು ಹೋದವರು.

ಅವರ ನೆನಪಿಗೇ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ, ನಮ್ಮ ಕರ್ನಾಟಕದ ಠಾಣೆಗಳಲ್ಲೂ. ಆ ವಾರ ಅಜ್ಜನ ಕೈಹಿಡಿದು ಹತ್ತಿರದ ಠಾಣೆಗೆ ಹೋಗಿಬನ್ನಿ. ಕೇಳಿಕೊಂಡರೆ ನೀರಿನ ಪೈಪು ಹಿಡಿಯಲೂ ಕೊಟ್ಟಾರು. ನೀರು ಬಿಟ್ಟಾಗ ಅದನ್ನು ಒಬ್ಬರೇ ಹಿಡಿಯಲು ಮಾತ್ರ ಹೋಗಬೇಡಿ!